ಹದಿನಾಲ್ಕು ಕ್ಯಾರೆಟ್ಟಿನ ಸರ

ಪರೇಲ್, ಮುಂಬಯಿ
೧೨ ನವೆಂಬರ್ ೧೯೭೨

ಚಿ. ಸೌ. ನೀಲಾಳಿಗೆ ನಿನ್ನ ಅವ್ವನ ಆಶೀರ್ವಾದ.

ನನ್ನ ಕುತ್ತಿಗೆಯೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾರ್ಡು ದೀಪಾವಳಿಗೆ ಮುಂಚೆಯೇ ಬಂತು. ಉತ್ತರಕ್ಕೆ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬರೆಯಬೇಕೆಂದು ಕುಳಿತಾಗಲೆಲ್ಲ ಕೈ ಪೆನ್ನು ಬಿಟ್ಟು ಕುತ್ತಿಗೆಗೆ ಹೋಗುತ್ತದೆ. ಒಮ್ಮೆ ಕೆರೆಯಲು ತೊಡಗಿದರೆ ಮುಗಿಯಿತು, ಉರಿ ಹತ್ತಿ, ನೀರೊಸರಿ, ರವಿಕೆಯ ಕೊರಳಪಟ್ಟಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಯಾರ ಮುಖವನ್ನೂ ನೋಡುವುದು ಬೇಡ ಅನ್ನಿಸುತ್ತದೆ.

ಮೊದಲು ನಿನ್ನ ಕಾರ್ಡಿನ ಮಾತು. ಹಣಮಂತನ ಮಗಳನ್ನು ತೊಟ್ಟಿಲಿಗೆ ಹಾಕುವುದು ಇದೇ ಇಪ್ಪತ್ತಾರಕ್ಕೆ, ಭಾನುವಾರ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಈ ಕೂಸಿಗೆ ಇರುವುದು ನೀನೊಬ್ಬಳೇ. ಪಂಚಮಿಗೆ ಬಂದಾಗ "ನಾ ಬರದ ಯಾರು ಬರ್ತಾರ ಅವ್ವ? ಹೆಸರು ಈಗs ಹುಡುಕಿ ಇಟ್ಟೀನಿ" ಅಂದಿದ್ದೆ. ಈಗ "ಅತ್ತೆಯವರ ಮೊಣಕಾಲು ನೋವು, ಬರಲಾಗುವುದಿಲ್ಲ" ಎಂದು ಬರೆದಿದ್ದೀ. ನಿನ್ನ ಅತ್ತೆಯ ಮೊಣಕಾಲು ನಿನ್ನ ಮದುವೆಯ ದಿನವೂ ನೋಯುತ್ತಿತ್ತು. ಆದರೂ ಅವರು ಊಟಕ್ಕೆ ಮೊದಲನೆಯ ಪಂಕ್ತಿಯಲ್ಲಿಯೇ ಕುಳಿತಿದ್ದರು. ನನಗೆ ಆ ಮೊಣಕಾಲಿನ ಕತೆ ಹೇಳಬೇಡ.

ಈಗ ಕುತ್ತಿಗೆಯ ಸುದ್ದಿ. ಇದನ್ನು ಪೂರ್ತಿ ಬರೆಯುತ್ತೇನೆ, ಏಕೆಂದರೆ ಹಣಮಂತ ನಿನಗೆ ಅರ್ಧ ಮಾತ್ರ ಬರೆದಿದ್ದಾನೆ.

ಸರದ ಕೆಳಗೆ ಅಷ್ಟಿಷ್ಟು ಕಡಿತ ನಿನ್ನ ಮದುವೆಯಾದ ಮೇಲಿನಿಂದಲೂ ಇತ್ತು. ಬೇಸಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಈ ವರ್ಷ ಮಳೆ ಹೋದರೂ ಅದು ಹೋಗಲಿಲ್ಲ. ಕೊರಳ ಸುತ್ತ ಕಪ್ಪು ಕೆಂಪು ಪಟ್ಟಿ ಎದ್ದಿತು. ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸುವ ಜಾಗದಲ್ಲಿಯೂ ಅಂಗೈಯಗಲ ಎದ್ದಿತು. ಎದುರು ಖೋಲಿಯ ಸೋಮವ್ವ ಕೇಳದೆ ಬಂದು ನೋಡಿದಳು.

"ಇದು ಸರ್ಪಸುತ್ತು ಅದಾ ಗುರುಬಾಯಿ. ತಲಿ ಬಾಲ ಕೂಡಿದ್ರ ಜೀವಕ್ಕ ಎರವು."

"ಎಂಟು ವರ್ಷದಿಂದ ಸುತ್ತಲಿಕತ್ತದ. ಇನ್ನೂ ಬಾಲ ಸಿಕ್ಕಿಲ್ಲೇನು ಅದಕ್ಕ?" ಅಂದೆ.

ಸಿಟ್ಟು ಮಾಡಿಕೊಂಡು ಹೋದಳು. ಆದರೆ ಸಂಜೆಯೊಳಗೆ ಇಡೀ ಚಾಳಿಗೆ ನನ್ನ ಕುತ್ತಿಗೆಯ ಸುದ್ದಿ ತಲುಪಿತ್ತು. ನಲ್ಲಿಯ ಹತ್ತಿರ ಹೆಂಗಸರು ನನ್ನ ಕೊಡಕ್ಕೆ ತಮ್ಮ ಕೊಡ ತಾಗದಂತೆ ಸರಿಸಿಡತೊಡಗಿದರು. ಇಪ್ಪತ್ತೈದು ವರ್ಷ ಈ ಚಾಳಿನಲ್ಲಿ ತಲೆಯೆತ್ತಿ ಬಾಳಿದವಳು ನಾನು. ಇವರ ಹೆರಿಗೆ, ಜಗಳ, ಕಣ್ಣೀರು ಎಲ್ಲಕ್ಕೂ ನನ್ನ ಬಾಗಿಲು ಬೇಕಿತ್ತು. ಈಗ ನನ್ನ ಕೊಡ ಬೇಡವಾಯಿತು. ಸೊಸೆ ಮಹಾನಂದಾ ಬಾಣಂತಿಯಾಗಿದ್ದರೂ ಎದ್ದು ಬೇವಿನೆಲೆ ಅರೆದು ಹಚ್ಚಿದಳು. ನಾನು ಬದನೆಕಾಯಿ ಬಿಟ್ಟೆ, ಶೇಂಗಾ ಹಿಂಡಿ ಬಿಟ್ಟೆ, ಹುಳಿ ಬಿಟ್ಟೆ. ನಾಲಿಗೆ ಸತ್ತಿತೇ ಹೊರತು ಕಡಿತ ಸಾಯಲಿಲ್ಲ.

ಕೊನೆಗೆ ನಿಮ್ಮ ಅಪ್ಪ ನನ್ನನ್ನು ಇಲ್ಲಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಚರ್ಮದ ವಿಭಾಗದಲ್ಲಿದ್ದವಳು ನಿನ್ನ ವಯಸ್ಸಿನ ಹುಡುಗಿ, ಮರಾಠಿಯವಳು. ಅವಳು ನನ್ನ ಬೆನ್ನಿನ ಮೇಲೆ ಔಷಧ ಹಚ್ಚಿದ ಬಟ್ಟೆಯ ಸಣ್ಣ ಸಣ್ಣ ತುಂಡುಗಳನ್ನು ಅಂಟಿಸಿ, "ಮೌಶಿ, ದೋ ದಿನ್ ನಹಾನಾ ನಹೀಂ" ಅಂದಳು. ಸ್ನಾನವಿಲ್ಲದೆ ಒಲೆಯ ಮುಂದೆ ಹೋಗುವವಳೇ ನಾನು? ಎರಡು ದಿನ ಅಡಿಗೆಮನೆಯ ಹೊರಗೆ ಕುಳಿತು, ಮಹಾನಂದಾಳ ತಂಗಿ ಬೇಯಿಸಿದ ಹಸಿಬಿಸಿ ರೊಟ್ಟಿ ತಿಂದೆ. ಮೂರನೆಯ ದಿನ ತುಂಡುಗಳನ್ನು ಕಿತ್ತು ನೋಡಿದರೆ ಒಂದರ ಕೆಳಗೆ ಮಾತ್ರ ಬೊಬ್ಬೆ ಎದ್ದಿತ್ತು. ಅದು ನಿಕ್ಕಲ್ ಎಂಬ ಲೋಹದ್ದಂತೆ. ನಿಮ್ಮ ಚರ್ಮಕ್ಕೆ ಅದು ಆಗುವುದಿಲ್ಲ, ಸಾಯುವ ತನಕ ಆಗುವುದಿಲ್ಲ, ಅದಕ್ಕೆ ಮದ್ದಿಲ್ಲ, ಮುಟ್ಟದಿರುವುದೇ ಮದ್ದು ಎಂದಳು. ಇನ್ನೊಬ್ಬರಿಗೆ ಅಂಟುವ ರೋಗ ಅಲ್ಲ ಎಂದೂ ಹೇಳಿದಳು. ಆ ಮಾತನ್ನು ನಲ್ಲಿಯ ಹತ್ತಿರ ನಿಂತು ಗಟ್ಟಿಯಾಗಿ ಹೇಳಿ ಬಂದಿದ್ದೇನೆ.

ಎಲ್ಲೆಲ್ಲಿ ಮುಟ್ಟಬಾರದು ಕೇಳು. ಬಳೆಗೆ ಸಿಕ್ಕಿಸುವ ಪಿನ್ನು, ರವಿಕೆಯ ಹುಕ್ಕು, ಸೊಂಟದ ಕೀಲಿಗೊಂಚಲು, ಸಂಚಿಯೊಳಗಿನ ಎಂಟಾಣೆ ನಾಲ್ಕಾಣೆ, ಎಲ್ಲದರಲ್ಲಿಯೂ ಅದೇ. "ಕೀಲಿ ನನ್ ಕಡಿ ಇರಲಿ ಅತ್ತಿ, ನಿಮಗ ತ್ರಾಸ ಯಾಕ?" ಎಂದಳು ಮಹಾನಂದಾ. ತ್ರಾಸ ನನ್ನದು, ಕೀಲಿಯೂ ನನ್ನದೇ. ಕೊಂಡಿಗೆ ಹಳೇ ಸೀರೆಯ ಚೂರು ಸುತ್ತಿ ಮತ್ತೆ ಸೊಂಟಕ್ಕೇ ಸಿಕ್ಕಿಸಿಕೊಂಡಿದ್ದೇನೆ. ಹಣಮಂತನಿಗಂತೂ ಇದೊಂದು ತಮಾಷೆ. ಜೋಗೇಶ್ವರಿಯ ಅವನ ಕಾರಖಾನೆಯಲ್ಲಿ ಸೈಕಲ್ಲಿನ ಹ್ಯಾಂಡಲ್ಲಿಗೆ ಹೊಳಪು ಕೊಡುವುದು ಇದೇ ಲೋಹದಿಂದಂತೆ. "ನಮ್ಮ ಅವ್ವಗ ಸೈಕಲ್ ಬ್ಯಾನಿ ಬಂದದ" ಎಂದು ಬಂದವರಿಗೆಲ್ಲ ಹೇಳುತ್ತಾನೆ.

ಸರದ ಮಾತು ಬಂದದ್ದು ಆಗ. "ಕಿವಿಯ ಬೆಂಡೋಲೆ ಏನೂ ಮಾಡಿಲ್ಲ, ಕುತ್ತಿಗೆಯೇ ಏಕೆ ಹೀಗಾಗಿದೆ? ಈ ಸರ ಯಾವಾಗಿನದು?" ಎಂದು ಆ ಹುಡುಗಿ ಕೇಳಿದಳು. ನಿಮ್ಮ ಅಪ್ಪ ಹೇಳಿಬಿಟ್ಟರು. ನಿನ್ನ ಮದುವೆಯ ವರ್ಷ ನಿನಗೆ ನೆನಪಿದೆ. ಹೊಸ ಒಡವೆ ಮಾಡಿಸಿದರೆ ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಬಂಗಾರ ಇರಕೂಡದು ಎಂದು ಸರ್ಕಾರದ ಕಾಯಿದೆ ಇದ್ದ ಕಾಲ ಅದು. ಪತ್ತಾರ ಸಂಗಪ್ಪ ನಿನಗಾಗಿ ಮಾಡಿ ತಂದ ಸರವನ್ನು ಬೆಳಕಿಗೆ ಹಿಡಿದು ನೋಡಿದೆ. ತೊಳೆದ ಹಿತ್ತಾಳೆಯ ಬಣ್ಣ. ಅರ್ಧ ಬಂಗಾರ ಹಾಕಿ ಮಗಳನ್ನು ಕಳಿಸಿದರು ಎಂದು ಆಳಂದದಲ್ಲಿ ನಿನ್ನ ಅತ್ತೆಮನೆಯವರು ಆಡಿಕೊಳ್ಳುವುದು ನನಗೆ ಬೇಕಿರಲಿಲ್ಲ. ನನ್ನ ಅತ್ತೆ ನನಗೆ ಕೊಟ್ಟ ಹಳೇ ಅಪ್ಪಟ ಸರದಿಂದ ತಾಳಿ, ಗುಂಡು ಬಿಚ್ಚಿಕೊಂಡು, ಆ ಸರವನ್ನು ನಿನ್ನ ಕೊರಳಿಗೆ ಹಾಕಿದೆ. ಸಂಗಪ್ಪನ ಹೊಸ ಸರಕ್ಕೆ ನನ್ನ ತಾಳಿ ಪೋಣಿಸಿಕೊಂಡೆ. ಇವತ್ತಿಗೂ ನಾನು ಮಾಡಿದ್ದು ಸರಿಯೇ. ಮಗಳಿಗೆ ಒಳ್ಳೆಯದನ್ನು ಕೊಟ್ಟೆ, ಉಳಿದದ್ದನ್ನು ನಾನು ಹಾಕಿಕೊಂಡೆ.

ಆ ಅರ್ಧ ಬಂಗಾರದೊಳಗೆ ನಿಕ್ಕಲ್ ಕೂಡಿದೆಯಂತೆ. "ಅಪ್ಪಟ ಬಂಗಾರ ಯಾರ ಕೊರಳನ್ನೂ ಹೀಗೆ ಮಾಡುವುದಿಲ್ಲ. ಈ ಸರ ತೆಗೆಯಿರಿ" ಎಂದಳು ಹುಡುಗಿ. ಗಂಡ ಪಕ್ಕದಲ್ಲಿ ಕುಳಿತಿರುವಾಗ ಹೆಂಗಸಿಗೆ ತಾಳಿಯ ಸರ ತೆಗೆ ಎನ್ನುವುದು ಎಷ್ಟು ಸಲೀಸು ನೋಡು! ನಾನು ಎದ್ದು ಹೊರಗೆ ಬಂದೆ.

ಅಂದಿನಿಂದ ಮನೆಯಲ್ಲಿ ಇದೇ ಜಗಳ. ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಹಾಕಿಕೋ, ಅದೂ ತಾಳಿಯೇ ಅಲ್ಲವೇ ಎನ್ನುತ್ತಾರೆ ನಿಮ್ಮ ಅಪ್ಪ.

"ಕಟ್ಟಿದಾಂವ ನಾ ಇಲ್ಲೇ ಜೀವಂತ ಕುಂತೀನಿ. ನಾನs ಬಿಚ್ಚು ಅನ್ಲಿಕತ್ತೀನಿ. ಇನ್ಯಾರ ಅಪ್ಪಣಿ ಬೇಕು ನಿನಗ, ಸರ್ಕಾರದ್ದೇನು?"

"ಬರೇ ದಾರದಾಗ ನಾ ಹೊರಗ ಗ್ಯಾಲರಿಗಿ ಹೋದ್ರ ಮಂದಿ ಏನಂತಾರ?"

"ಕಡಿತ ಹೋಯ್ತು ಅಂತಾರ."

ಅವರಿಗೇನು, ಗಿರಣಿ ಬಿಟ್ಟ ಮೇಲೆ ಓದಲು ಪೇಪರು ಇದೆ, ಕುಡಿಯಲು ಚಹಾ ಇದೆ. ಇಲ್ಲಿ ಹೆಂಗಸಿನ ಕೊರಳಲ್ಲಿ ಅರಿಶಿನ ದಾರ ಕಂಡರೆ ಬಂಗಾರ ಒತ್ತೆ ಬಿತ್ತು ಎಂದೇ ಲೆಕ್ಕ. ಸೋಮವ್ವನ ಸೊಸೆ ಹಾಕಿಕೊಂಡಾಗ ಹಾಗೆಯೇ ಆಡಿಕೊಂಡರು. ಬೇಕಾದರೆ ಚರ್ಮ ಕಿತ್ತುಹೋಗಲಿ, ಆ ಮಾತು ನನ್ನ ಮನೆಯ ಮೇಲೆ ಬರಬಾರದು ಎಂದು ಪಟ್ಟು ಹಿಡಿದೆ. ಮುಲಾಮು ಹಚ್ಚಿ ಬಟ್ಟೆ ಸುತ್ತಿ ಅದರ ಮೇಲೆ ಸರ ಇಳಿಬಿಟ್ಟೆ. ಬಟ್ಟೆ ಸರಿಯುತ್ತದೆ, ಸರ ತಾಗುತ್ತದೆ, ಮತ್ತೆ ಮೊದಲಿನ ಹಾಗೆ. ಕೂಸನ್ನು ಎತ್ತಿಕೊಂಡರೆ ಅದು ಬೆರಳು ಚಾಚಿ ಸರ ಹಿಡಿದು ಜಗ್ಗುತ್ತದೆ. ನಾನು ಹಲ್ಲು ಕಚ್ಚುತ್ತೇನೆ, ಕೂಸು ನಗುತ್ತದೆ.

ನನ್ನ ಪಟ್ಟು ನೋಡಿ ಹಣಮಂತ ನನಗೆ ಹೇಳದೆ ನಿನಗೆ ಕಾಗದ ಬರೆದಿದ್ದಾನೆ. "ಅಕ್ಕ ತೊಟ್ಟಿಲಿಗೆ ಬರುವಾಗ ಅವ್ವನ ಹಳೇ ಸರ ತರಲಿ, ಸ್ವಲ್ಪ ದಿನ ಅದಲುಬದಲು ಮಾಡಿಕೊಳ್ಳಿ" ಎಂದು. ಇದು ನನಗೆ ತಿಳಿದದ್ದು ಮೊನ್ನೆ. ಮಗನೆಂಬುದನ್ನೂ ನೋಡದೆ ಬಾಯಿಗೆ ಬಂದಂತೆ ಬೈದೆ. ಕೊಟ್ಟ ಒಡವೆಯನ್ನು ತಿರುಗಿ ಕೇಳುವ ಮನೆಯೇ ನಮ್ಮದು? ಅವನ ಕಾಗದವನ್ನು ಮರೆತುಬಿಡು. ಸರ ತರಬೇಡ. ತಂದರೂ ನಾನು ಮುಟ್ಟುವುದಿಲ್ಲ. ನೀನು ಮಾತ್ರ ಬಾ.

ಸೊಲ್ಲಾಪುರದಲ್ಲಿ ಗಾಡಿ ಹತ್ತಿದರೆ ದಾದರಿನಲ್ಲಿ ಹಣಮಂತ ನಿಂತಿರುತ್ತಾನೆ. ಮಹಾನಂದಾಳ ತಂಗಿ ಹೆಸರು ಹೇಳುತ್ತೇನೆಂದು ಈಗಾಗಲೇ ಹಲ್ಲು ಕಿಸಿಯುತ್ತಿದ್ದಾಳೆ. ಸೋದರತ್ತೆ ಬದುಕಿರುವಾಗ ಚಿಕ್ಕಮ್ಮ ಹೆಸರು ಹೇಳಿದಳು ಅನ್ನಿಸಿಕೊಳ್ಳಲು ನಾನು ಒಪ್ಪುವುದಿಲ್ಲ. ನೀನು ಬರದಿದ್ದರೆ ತೊಟ್ಟಿಲು ಮುಂದಕ್ಕೆ ಹೋಗುತ್ತದೆ, ಕೂಸು ಹೆಸರಿಲ್ಲದೆಯೇ ಅಂಬೆಗಾಲಿಡಲಿ.

ಅಳಿಯಂದಿರು ಸಿದ್ದಲಿಂಗಪ್ಪನವರಿಗೂ ನಿನ್ನ ಅತ್ತೆಗೂ ನನ್ನ ಶರಣು ತಿಳಿಸು. ಮಕ್ಕಳಿಗೆ ಮುದ್ದು. ನಿನ್ನ ಒಲೆ ಆರದಿರಲಿ, ನಿನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಬರಲಿ, ಮಕ್ಕಳು ನಿನ್ನ ಕೈಗೆ ಬರಲಿ.

ಇಂತು ನಿನ್ನ ಅವ್ವ,
ಗುರುಬಾಯಿ

ತಾ.ಕ.: ಇದನ್ನು ನೀನೊಬ್ಬಳೇ ಓದು, ಓದಿ ಇಡೀ ಕಾಗದವನ್ನು ಒಲೆಗೆ ಹಾಕು.

ಪಂಚಮಿಗೆ ಬಂದಾಗ ನಿನ್ನ ತಲೆಗೆ ಎಣ್ಣೆ ಒತ್ತಿ ನಾನೇ ಎರೆದೆ. ಜಡೆ ಎತ್ತಿದಾಗ ನಿನ್ನ ಕೊರಳ ಹಿಂದೆ ಕಪ್ಪು ಪಟ್ಟಿ ಇತ್ತು, ಅಲ್ಲಲ್ಲಿ ನೀರೊಸರುತ್ತಿತ್ತು. ಏನಿದು ಅಂದರೆ "ಸೆಕಿಗಿ ಆಗ್ಯಾದವ್ವ" ಅಂದಿ. ನಾನೂ ಹೂಂ ಅಂದೆ. ಅಪ್ಪಟ ಬಂಗಾರ ಯಾರ ಕೊರಳನ್ನೂ ಹೀಗೆ ಮಾಡುವುದಿಲ್ಲ ಎಂದು ಆ ಡಾಕ್ಟರ್ ಹುಡುಗಿ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನನ್ನ ಕೊರಳಲ್ಲ. ಎದ್ದು ಹೊರಗೆ ಬಂದದ್ದೂ ಅದಕ್ಕೇ. ಆ ಸರ ನಿನ್ನ ಹತ್ತಿರ ಇಲ್ಲ. ಅದರಂತೆಯೇ ಇರುವ, ಬಂಗಾರದ ನೀರು ಕೊಟ್ಟ ಹಿತ್ತಾಳೆಯದನ್ನು ಹಾಕಿಕೊಂಡು ನನ್ನ ಮುಂದೆ ಓಡಾಡಿದಿ. ಹಣಮಂತನ ಕಾಗದ ಬಂದ ಮೇಲೆಯೇ ನಿನ್ನ ಅತ್ತೆಯ ಮೊಣಕಾಲು ನೋಯತೊಡಗಿದ್ದು.

ಅದು ಅಂಗಡಿಗೆ ಹೋಯಿತೋ, ನಾದಿನಿಯ ಕೊರಳಿಗೆ ಹೋಯಿತೋ, ಯಾವಾಗ ಹೋಯಿತೋ ನಾನು ಕೇಳುವುದಿಲ್ಲ. ಬಂಗಾರಕ್ಕಾಗಿ ನನಗೆ ನೋವಿಲ್ಲ. ನನ್ನ ಕೈಗೆ ತಲೆ ಕೊಟ್ಟು, ಮೈಮೇಲೆ ನೀರು ಬೀಳುತ್ತಿರುವಾಗಲೂ ನೀನು ನನಗೆ ಹೇಳಲಿಲ್ಲವಲ್ಲ ನೀಲಾ. ಅವ್ವನಿಗೆ ಅಂಜಿ ಕುಳಿತಿ. ಅದನ್ನು ಹೇಗೆ ತಡೆದುಕೊಳ್ಳಬೇಕೆಂದು ನನಗೆ ತಿಳಿಯುತ್ತಿಲ್ಲ.

ಮೇಲಿನದನ್ನೆಲ್ಲ ನಿನ್ನೆ ಬರೆದೆ. ಇವತ್ತು ಬೆಳಿಗ್ಗೆ ಸರ ತೆಗೆದಿಟ್ಟೆ. ನಿಮ್ಮ ಅಪ್ಪನೇ ಅರಿಶಿನದ ದಾರ ಕಟ್ಟಿದರು. ನಾನೇ ಗ್ಯಾಲರಿಯಲ್ಲಿ ನಿಂತು ಸೋಮವ್ವನಿಗೆ ತೋರಿಸಿ, ನನ್ನ ಚರ್ಮ ಮಗಳಿಗೂ ಬಂದಿದೆ, ಇಬ್ಬರೂ ಸರ ಹಾಕಿಕೊಳ್ಳಬಾರದೆಂದು ಡಾಕ್ಟರ್ ಹೇಳಿದ್ದಾರೆ ಎಂದು ಹೇಳಿ ಬಂದೆ. ಇನ್ನು ನಿನ್ನ ಕೊರಳನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಹೇಳುವವಳು ನಾನು.

ಬಾ. ಗಾಡಿಯಲ್ಲಿ ಬರುವಾಗಲೂ ಅದನ್ನು ಹಾಕಿಕೊಳ್ಳಬೇಡ. ಅದು ಎಷ್ಟು ಕಡಿಯುತ್ತದೆ ಎಂದು ನನಗೆ ಗೊತ್ತು.