ಕಚ್ಚಿದ್ದಲ್ಲ, ಹಲ್ಲು ತಗುಲಿದ್ದು

ಪ್ರೀತಿಯ ಮಗಳೇ,

ನಾನು ಕ್ಷೇಮ. ನಿಮ್ಮ ಪ್ರಾಣಿಧಾಮದಿಂದ ನೀನು ಸಾಕಲು ತಂದುಕೊಟ್ಟ ನಾಯಿ ಮೋಟನೂ ಕ್ಷೇಮ. ಮುಂದಿನದನ್ನು ಓದಿ ಗಾಬರಿಯಾಗಬೇಡವೆಂದು ಇದನ್ನು ಮೊದಲೇ ಬರೆದೆ.

"ಇಲ್ಲಿ ಪ್ರಾಣಿಗಳನ್ನು ಕೊಲ್ಲುವುದಿಲ್ಲ" ಎಂಬ ನಿಮ್ಮ ಗೇಟಿನ ಬೋರ್ಡು ನಂಬಿ ನಿಶ್ಚಿಂತೆಯಾಗಿದ್ದೆ. ಆದರೆ ನೀನೇ ಒಮ್ಮೆ ಹೇಳಿದ್ದೆ: "ಯಾವುದನ್ನೂ ಕೊಲ್ಲಲ್ಲ ಅಂತಲ್ಲ ದೊಡ್ಡಪ್ಪ. ವಾಸಿಯಾಗದ ನೋವಿರೋದು, ಜನಕ್ಕೆ ಅಪಾಯ ತರೋದು, ಇವಕ್ಕೆ ನಾವೇ ಇಂಜೆಕ್ಷನ್ ಕೊಟ್ಟು ಸಾಯಿಸಬೇಕಾಗುತ್ತೆ." "ಜನಕ್ಕೆ ಅಪಾಯ" ಎಂಬ ಆ ಮಾತು ನಿನ್ನೆಯಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ.

ನಿನ್ನೆ ಮೋಟ ತಿನ್ನುತ್ತಿದ್ದಾಗ ಅವನ ತಟ್ಟೆ ಸರಿಸಲು ಕೈ ಹಾಕಿದವನು ನಾನು. ಹಲ್ಲು ತಗುಲಿತು. ಡಾಕ್ಟರು ಗಾಯ ತೊಳೆದು, ಚುಚ್ಚುಮದ್ದು ಕೊಟ್ಟು, "ನಾಯಿ ಕಚ್ಚಿತಾ ಅಜ್ಜ?" ಅಂದರು.

"ಊಟದ ತಟ್ಟೆ ಎಳೆದವನನ್ನ ನೀವಾದ್ರೆ ಮುದ್ದು ಮಾಡ್ತೀರಾ?" ಅಂದೆ. ಅವರು ನಗಲಿಲ್ಲ. ಪ್ರಾಣಿಧಾಮಕ್ಕೆ ತಿಳಿಸುತ್ತಾರಂತೆ.

ಅದಕ್ಕೆ ಮೊದಲು ನೀನು ಬಾ. ಎರಡು ದಿನ ಇದ್ದು ಅವನನ್ನು ನೋಡು. ಅಪಾಯವೋ ಅಲ್ಲವೋ, ಆಮೇಲೆ ಪ್ರಾಣಿಧಾಮದ ವರದಿಯಲ್ಲಿ ನೀನೇ ಬರೆ, ನಾನು ಎದುರಾಡುವುದಿಲ್ಲ. ಆದರೆ ಪ್ರಾಣಿಧಾಮದ ವ್ಯಾನು ತರಬೇಡ, ಬಸ್ಸಿಗೆ ಬಾ. ಆ ಸದ್ದಿಗೆ ಮೋಟ ಮಂಚದ ಕೆಳಗೆ ಸೇರಿಬಿಡುತ್ತಾನೆ. ನಾನು ಕರೆದರೆ ಮಾತ್ರ ಹೊರಗೆ ಬರುತ್ತಾನೆ, ಕರೆಯಲು ನನಗೆ ಬಾಯಿ ಬರುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ,
ದೊಡ್ಡಪ್ಪ