ನನ್ನ ಭಯವನ್ನು ಸುಳ್ಳು ಮಾಡಿಕೊಡಿ

ಚರಂಡಿ, ಫುಟ್‌ಪಾತುಗಳ ಹೊಣೆ ಹೊತ್ತ ಎಂಜಿನಿಯರ್ ಸಾಹೇಬರೇ,

ಆರ್‌ಪಿಸಿ ಲೇಔಟಿನ ನಮ್ಮ ಅಡ್ಡರಸ್ತೆಯಲ್ಲಿ ಚರಂಡಿಯ ಚಪ್ಪಡಿಯೊಂದು ಮುರಿದುಬಿದ್ದು ಒಂದು ಮಳೆಗಾಲವೇ ಕಳೆಯಿತು. ಆ ಗುಂಡಿ ಈಗ ನನ್ನ ಚಿಕಿತ್ಸೆಯನ್ನು ಕೆಡಿಸುತ್ತಿದೆ. ನಗಬೇಡಿ, ನಾನು ಹೆದರಿಕೊಂಡೇ ಬರೆಯುತ್ತಿದ್ದೇನೆ.

ಹೆದರುವುದೇ ನನ್ನ ಕಾಯಿಲೆ. ಮೆಟ್ರೊ ಹತ್ತಿದರೆ ಉಸಿರು ನಿಲ್ಲುತ್ತದೆ, ಡೆಲಿವರಿ ಕೆಲಸಕ್ಕೆ ಹೋದ ಗಂಡ ಅಮರೇಶ ಫೋನ್ ಎತ್ತದಿದ್ದರೆ ಅಪಘಾತವಾಗಿದೆ, ಮಗಳು ಶಿಲ್ಪಾ ಕೆಮ್ಮಿದರೆ ಇನ್ನು ಉಳಿಯುವುದಿಲ್ಲ ಎಂದೇ ತಲೆ ಓಡುತ್ತಿತ್ತು. ಕೊನೆಗೆ ವಿಜಯನಗರದ ಆಪ್ತ ಸಮಾಲೋಚಕಿ ಮಾಲವಿಕಾ ಅವರ ಬಳಿ ಹೋದೆ. ಕೆಟ್ಟ ಯೋಚನೆ ಬಂದ ಕೂಡಲೇ ನಂಬಬೇಡಿ, ಅದರ ಹತ್ತಿರ ಸಾಕ್ಷಿ ಕೇಳಿ ಎಂದರು. ಫೋನ್ ಎತ್ತದವರು ಗಾಡಿ ಓಡಿಸುತ್ತಿರಬಹುದಲ್ಲವೇ? ಉಸಿರು ನಿಲ್ಲುವುದೇ ಆದರೆ ಒಂದು ನಿಲ್ದಾಣ ಹೋಗಿ ನೋಡಬಹುದಲ್ಲವೇ? ಹೋದೆ. ಎದೆ ಹೊಡೆದುಕೊಂಡಿತು, ಉಸಿರು ನಿಲ್ಲಲಿಲ್ಲ. ಈಗ ಕೆಂಗೇರಿಯ ಅಕ್ಕನ ಮನೆಗೆ ಒಬ್ಬಳೇ ಹೋಗಿಬರುತ್ತೇನೆ.

ಒಂದು ಯೋಚನೆ ಮಾತ್ರ ಜಗ್ಗಲಿಲ್ಲ. ಶಾಲೆಯಿಂದ ಬರುವಾಗ ಶಿಲ್ಪಾ ಆ ಚರಂಡಿಯೊಳಗೆ ಜಾರಿಹೋಗುತ್ತಾಳೆ ಎನ್ನುವುದು. ನಡೆದೇ ಪರೀಕ್ಷಿಸೋಣ ಎಂದು ಮಾಲವಿಕಾ ನನ್ನ ಜೊತೆ ಬಂದರು. ಗುಂಡಿಯ ಅಂಚಿನಲ್ಲಿ ಬಗ್ಗಿ ನೋಡಿ, ನನ್ನ ಕೈ ಹಿಡಿದುಕೊಂಡರು.

"ಇದು ಬರೀ ಯೋಚನೆ ಅಲ್ಲ ಬಸವರಾಜೇಶ್ವರಿ. ನನಗೂ ಭಯ ಆಗ್ತಾ ಇದೆ."

ದೂರು ಕೊಟ್ಟೆ. ಯಾರೋ ಪುಣ್ಯಾತ್ಮರು ಜನ ಬೀಳದಿರಲೆಂದು ಗುಂಡಿಯಲ್ಲಿ ಮುರುಕು ಪ್ಲಾಸ್ಟಿಕ್ ಕುರ್ಚಿ ನಿಲ್ಲಿಸಿದ್ದರು. ನಿಮ್ಮವರು ಬಂದು ಆ ಕುರ್ಚಿಯ ಫೋಟೊ ಹಿಡಿದು, 'ದೂರು ಪರಿಹರಿಸಲಾಗಿದೆ' ಎಂದು ಮೆಸೇಜ್ ಕಳಿಸಿದರು. ಯೋಚನೆ ಬದಲಿಸಿಕೊಳ್ಳುವ ವಿದ್ಯೆ ತಮ್ಮ ಕಚೇರಿಗೂ ಒಲಿದಿದೆ ಎಂದಾಯಿತು. ನಾನು ಸಾಕ್ಷಿ ನೋಡಿ ಬದಲಿಸಿಕೊಳ್ಳುತ್ತೇನೆ, ತಾವು ಸಾಕ್ಷಿಗೆ ಬೆನ್ನು ಹಾಕಿ ಬದಲಿಸಿಕೊಳ್ಳುತ್ತೀರಿ.

ನನ್ನ ದಿಗಿಲು ಏನು ಗೊತ್ತೇ? ಈ ಭಯ ನಿಜವೆಂದು ಗೊತ್ತಾದ ಮೇಲೆ ಉಳಿದವೂ ತಲೆಯೆತ್ತುತ್ತಿವೆ. ಮೊನ್ನೆ ಅಮರೇಶ ಫೋನ್ ಎತ್ತಲಿಲ್ಲ. ಸಾಕ್ಷಿ ಕೇಳುವ ಶಕ್ತಿಯೇ ಬರಲಿಲ್ಲ, ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಅವನು ಬಂದ ಮೇಲೂ ಬಾಗಿಲು ಬಿಟ್ಟು ಏಳಲಿಲ್ಲ. ಶಿಲ್ಪಾ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು, "ಅವ್ವಾ, ನಾನೂ ಹೆದರ್ಕೋಬೇಕಾ?"

ಏನು ಹೇಳಲಿ ಸಾಹೇಬರೇ? ಬೇಡ ಎಂದರೆ ಗುಂಡಿ ನೋಡದೆ ನಡೆದಾಳು. ಹೌದು ಎಂದರೆ ನನ್ನ ಕಾಯಿಲೆ ಅವಳಿಗೂ ಅಂಟೀತು. ಈ ವಾರದೊಳಗೆ ಗಟ್ಟಿ ಚಪ್ಪಡಿ ಹಾಕಿಸಿ. ಮಗಳಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಇಂತಿ,
ಸದ್ಯಕ್ಕೆ ಮಗಳ ಕೈ ಹಿಡಿದು ನಡುರಸ್ತೆಯಲ್ಲಿ ನಡೆಯುತ್ತಿರುವ
ಬಸವರಾಜೇಶ್ವರಿ