ಉದ್ಘಾಟನಾ ಆಗೂತನಕ

ನವೆಂಬರ್ ೮, ಶನಿವಾರ

ಇವತ್ತೂ ಬಸ್ ಲೇಟ್. ವಡಗಾವಿಯಿಂದ ಹೊಂಟು ಖಾನಾಪುರ ಮುಟ್ಟೂದ್ರಾಗ ಬಿಸಿಲು ಏರಿತ್ತು. ಗ್ರಂಥಾಲಯದ ಕೀಲಿ ತಗದೆ, ಕಸಾ ಹೊಡದೆ, ಪೇಪರ್ ಜೋಡಿಸಿ ಕುಂತೆ. ಗ್ರಂಥಾಲಯ ನಡಸೂ ಟ್ರಸ್ಟಿನವರು ಕಳಿಸಿದ ಪೆಟಗಿ ಮೂಲ್ಯಾಗ ಹಂಗ ಕುಂತೈತಿ. ದೊಡ್ಡ ಅಕ್ಷರದ ಪುಸ್ತಕ, ಪುಟಕ್ಕ ಮುಟ್ಟಿಸಿದ್ರ ಓದಿ ಹೇಳೋ ಪೆನ್ನು, ಒಂದ ಸಾಲು ಕಾಣೂವಂಥ ಕಿಟಕಿಪಟ್ಟಿ... ಎಲ್ಲಾ ಓದಾಕ ತ್ರಾಸ ಆಗೂ ಮಕ್ಕಳ ಸಲುವಾಗಿ ಬಂದದ್ದು. ಟೇಪು ಸುದ್ದಾ ತಗದಿಲ್ಲ.

ಟ್ರಸ್ಟಿನ ಪ್ರಸಾದ ಸರ್‌ಗೆ ಫೋನ್ ಹಚ್ಚಿದೆ. "ಉದ್ಘಾಟನಾ ಆಗೂತನಕ ಮುಟ್ಟಬ್ಯಾಡ್ರಿ ಪೂರ್ಣಿಮಾ ಮೇಡಂ. ಶಾಸಕ ಸಾಹೇಬ್ರು ಬಂದು ಸೀಲ್ ಒಡೀಬೇಕು, ಫೋಟೋ ಆಗಬೇಕು." ಯಾವಾಗ ಬರತಾರ್ರೀ? "ರಾಜ್ಯೋತ್ಸವ ಈಗರ ಮುಗದೈತಿ. ನೋಡೂಣು."

ನೋಡೂಣಂತ! ದಸರಾದಾಗೂ ಇದ ಮಾತು.

ನವೆಂಬರ್ ೧೫, ಶನಿವಾರ

ಸಾಲಿ ಬಿಟ್ಟ ಮ್ಯಾಲ ಸಮೃದ್ಧಿ ಬಂದಳು, ಅವ್ವ ಪ್ರಮಿಳಾನ ಸೆರಗು ಹಿಡಕೊಂಡು. ಮೂರನೇ ಕ್ಲಾಸು. ಡಿಸ್ಲೆಕ್ಸಿಯಾ ಅಂದಾರ ಬೆಳಗಾವಿ ಡಾಕ್ಟರ್. ಹುಡುಗಿ ಭಾಳ ಶಾಣ್ಯಾ — ಒಮ್ಮೆ ಕೇಳಿದ ಕಥಿ ಚೂರೂ ಬಿಡದಂಗ ತಿರುಗಿ ಹೇಳತಾಳ. ಅಕ್ಷರ ಅಷ್ಟ ಕೈಗೆ ಸಿಗೂದಿಲ್ಲ.

ಪ್ರಮಿಳಾ ದವಾಖಾನ್ಯಾಗ ಆಯಾ. ಬಾಜೂಕ ಕರದು ಅಂದಳು: "ನಮ್ಮ ಅತ್ತಿ ಪಟ್ಟು ಹಿಡದಾರ್ರಿ. ಓದು ಹತ್ತದ ಹುಡುಗಿಗೆ ಸಾಲಿ ಯಾಕ, ಜಾಂಬೋಟಿಗೆ ಮಗಳ ಮನಿಗೆ ಕಳಸು, ಕೂಸು ಆಡಸ್ತಾಳ ಅಂತಾರ. ಸಂಕ್ರಾಂತಿತನಕ ನೋಡತೇನಿ ಅಂದಾರ." ಅತ್ತಿ ಅಂದ್ರ ಭರಮವ್ವ. ಕುರಿ ಕಾಯ್ದು ಮನಿ ಕಟ್ಟಿದಾಕಿ. ಆಕಿ ಅಂದ್ರ ಅಂದಂಗ.

ಸಿಟ್ಟು ನೆತ್ತಿಗೇರಿತು. ಪ್ರಮಿಳಾ ಡ್ಯೂಟಿಗೆ ಹೋದಳು. ಬಾಗಲಾ ಮುಂದ ಮಾಡಿ, ಬ್ಲೇಡ್ ತಗೊಂಡು ಟೇಪ್ ಕೊಯ್ದೆ. ಏನ್ ಮಾಡತಾರ, ಗಲ್ಲಿಗೇರಸತಾರೇನು?

"ಯಾರ ಮುಂದೂ ಹೇಳಬ್ಯಾಡ, ಹಾಂ" ಅಂದೆ. ಹುಡುಗಿ ಕೊರಳಾಗಿನ ಭಂಡಾರದ ಚೀಲ — ದೇವರ ಅರಿಷಿಣದ್ದು — ಮುಟಿಗ್ಯಾಗ ಹಿಡದಳು. "ಮೈಲಾರಲಿಂಗನ ಭಂಡಾರದಾಣಿ ಮೇಡಂ. ಪೆಟಗಿದ್ದೂ ಹೇಳಂಗಿಲ್ಲ, ಓದಿದ್ದೂ ಹೇಳಂಗಿಲ್ಲ."

ನಗು ಬಂತು ನನಗ. ನಮ್ಮ ಮನ್ಯಾಗ ಚಾ ಕುಡ್ಯಾಕೂ ಆಣಿ ಹಾಕತಾರ.

ನವೆಂಬರ್ ೨೯, ಶನಿವಾರ

ಓದಿದಳು! ಪೆನ್ನಿಲ್ಲದ! ಕಿಟಕಿಪಟ್ಟಿ ಇಟ್ಟು, ಸಾಲಿಗೆ ಬೆರಳಿಟ್ಟು — "ಕೋಳಿ ಗೂಡಿನ ಮೇಲೆ ಕೂತಿತು." ಎರಡು ಸಲ ತಪ್ಪಿದಳು. ಬಾಯಿ ಹಾಕಲಿಲ್ಲ ನಾನು, ನಾಲಿಗಿ ಕಚ್ಚಿ ಹಿಡದೆ. ಆಮ್ಯಾಲ ಒಳಗ ಹೋಗಿ ಅತ್ತೆ. ಪ್ರತಿ ಸಲದಂಗ ಪೆಟಗಿಗೆ ಹೊಸಾ ಟೇಪ್ ಹಚ್ಚಿಟ್ಟೆ.

ನಡುವ ಪ್ರಸಾದ ಸರ್ ಫೋನ್, ಸ್ಪೀಕರ್ ಮ್ಯಾಲ. "ಜನವರಿಗೆ ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂ ಐತಿ ಮೇಡಂ. ಪೆಟಗಿ ಜ್ವಾಕಿ." ಸಮೃದ್ಧಿ ತಲಿ ಎತ್ತಲಿಲ್ಲ.

ಪ್ರಮಿಳಾಗರ ಹೇಳೂಣು ಅನಿಸಿತು. ಆಕಿ ಅತ್ತಿಗೆ ಹೇಳತಾಳ, ಅತ್ತಿ ಓಣಿಗೆಲ್ಲಾ... ಬ್ಯಾಡ. ಉದ್ಘಾಟನಾ ಆಗಲಿ.

ಡಿಸೆಂಬರ್ ೧೩, ಶನಿವಾರ

ಬೆಳಗಾವ್ಯಾಗ ಅಧಿವೇಶನ. ಸಾಹೇಬ್ರೆಲ್ಲಾ ಸುವರ್ಣಸೌಧದ ಕಡೆ. ಉದ್ಘಾಟನಾ ಮತ್ತ ಮುಂದಕ್ಕ. ಛಲೋ ಆತು ಬಿಡು. ಕೋಳಿ ಪುಸ್ತಕ ಪೂರ್ತಿ ಮುಗಸಿದಳು.

ಜನವರಿ ೧೦, ರಾತ್ರಿ

ಇವತ್ತು ಉದ್ಘಾಟನಾ ಆತು. ಬರದ ಮಕ್ಕೋತೇನಿ.

ಪೆಂಡಾಲು, ಮೈಕು, ಹಾರ. ಭರಮವ್ವ ಮುಂದಿನ ಖುರ್ಚಿ ಮ್ಯಾಲ. ಪ್ರಸಾದ ಸರ್ ನನ್ನ ಒಂದ ಮಾತು ಕೇಳದ ಸಮೃದ್ಧಿನ್ನ ಸ್ಟೇಜಿಗೆ ಕರದು, ಮೈಕಿನ್ಯಾಗ ಅಂದ್ರು: "ಓದಲಿಕ್ಕೆ ಬಾರದ ಇಂಥ ಮಕ್ಕಳಿಗಾಗಿಯೇ..." ಸಾಹೇಬ್ರು ಸೀಲ್ ಒಡದರು. ನಾ ಹಚ್ಚಿದ ಟೇಪು! ಚಪ್ಪಾಳಿ.

ಕೋಳಿ ಪುಸ್ತಕಾನ ಕೈಗೆ ಕೊಟ್ಟರು. "ಓದವ್ವಾ ಪುಟ್ಟಿ."

ಹುಡುಗಿ ನನ್ನ ನೋಡಿದಳು. ಭಂಡಾರದ ಚೀಲ ಹಿಡದಳು. ಬಾಯಿ ಮುಚ್ಚಿದ್ದು ಮುಚ್ಚಿದ್ದ. ಪೆನ್ನು ಕೊಟ್ಟರ ತಲಿಕೆಳಗ ಹಿಡದಳು. ಬೇಕಂತ! ಎಲ್ಲಾ ಗೊತ್ತಿದ್ದಾಕಿ! "ಪಾಪ, ಇನ್ನ ಮುಂದ ಕಲೀತಾಳ" ಅಂದ್ರು ಸಾಹೇಬ್ರು. ಫೋಟೋ ಆತು.

ಭರಮವ್ವ ಎದ್ದು ಮೊಮ್ಮಗಳ ರಟ್ಟಿ ಹಿಡದಳು. "ನೋಡಿದಿ ಪ್ರಮಿಳಾ? ಊರ ಮುಂದ ಮಾನಾ ಹೋತು. ಇನ್ನ ಸಾಲಿ ಸಾಕು."

ಒಂದ ಮಾತು ಸಾಕಿತ್ತು. ಆಕಿಗೆ ಓದಾಕ ಬರತೈತಿ, ನಾನ ಪೆಟಗಿ ತಗದೇನಿ — ಅಷ್ಟ. ನಾ ಏನ್ ಮಾಡಿದೆ? ಬಾಳಿಹಣ್ಣು ಹಂಚಿದೆ. ಥೂ ನನ್ನ ಜಲ್ಮಕ್ಕ.

ಜನವರಿ ೧೭, ಶನಿವಾರ

ಬರಲಿಲ್ಲ. ಪ್ರಮಿಳಾಗ ಫೋನ್ ಹಚ್ಚಿದೆ. ಹಬ್ಬದ ಮರುದಿನ ಜಾಂಬೋಟಿಗೆ ಕರಕೊಂಡು ಹೋಗ್ಯಾರಂತ. ಅತ್ತಿನೂ ಅಲ್ಲೇ ಅದಾರಂತ.

ಪೆಟಗಿ ಬಾಯಿ ತಕ್ಕೊಂಡು ಕುಂತೈತಿ. ಪೆನ್ನು ಅದ, ಪಟ್ಟಿ ಅದ. ಹುಡುಗಿ ಇಲ್ಲ.

ಪ್ರಸಾದ ಸರ್‌ಗೆ ಎಲ್ಲಾ ಹೇಳಿಬಿಟ್ಟೆ. "ನಿಮ್ಮ ಕಾಂಟ್ರ್ಯಾಕ್ಟ್ ವಿಚಾರ ಆಮ್ಯಾಲ ಮಾತಾಡೂಣು." ದನಿ ಬ್ಯಾರೆ ಆಗಿತ್ತು. ಆಗಲಿ.

ಜನವರಿ ೧೮, ರವಿವಾರ. ಜಾಂಬೋಟಿ

ಮೊದಲನೇ ಬಸ್ಸಿಗೆ ಬಂದೆ. ಸಮೃದ್ಧಿ ಕಟ್ಟಿ ಮ್ಯಾಲ, ಬಗಲಾಗ ಕೂಸು. ನನ್ನ ಕಂಡು ಎದ್ದು ನಿಂತಳು, ಸಾಲ್ಯಾಗ ನಿಂತಂಗ.

ಭರಮವ್ವನ ಮುಂದ ಒಂದೂ ಬಿಡದ ಹೇಳಿದೆ. ಕುರಿ ಕಾಯೂ ನಾಯಿ ನೋಡಿದಂಗ ನೋಡಿದಳು ನನ್ನ. "ಭಂಡಾರದಾಣಿ ಅಂದ್ರ ಹುಡುಗಾಟಿಕಿ ಅಂತ ತಿಳದಿಯೇನ ಬಾಯಿ? ಜೀವಾ ಹೋದ್ರೂ ನಮ್ಮ ಹುಡುಗ್ರು ಬಾಯಿ ಬಿಡಂಗಿಲ್ಲ. ಕಲತಾಕಿ ನೀ!" ನಾ ಹಾಕಸಲಿಲ್ಲ, ಆಕಿನ ಹಾಕ್ಕೊಂಡಳು ಅನ್ನಾಕ ಹೋದೆ. ನುಂಗಿದೆ.

ಹುಡುಗಿ ಕೊರಳಿನ ಚೀಲಾ ಬಿಚ್ಚಿ ನನ್ನ ಅಂಗೈಗೆ ಅರಿಷಿಣ ಸುರುವಿದಳು. "ನಿನ್ನ ಸಲುವಾಗಿ ಆದ ಆಣಿ. ನೀನ ಬಿಡಸು." ಹುಡುಗಿ ಹಣಿಗೆ ಹಚ್ಚಿದೆ. ಬಿಟ್ಟೈತವ್ವಾ, ಯಾರ ಮುಂದ ಬೇಕಾದ್ರೂ ಓದು ಅಂದೆ.

ಸಮೃದ್ಧಿ ಮೆಲ್ಲಕ ಕೇಳಿದಳು: "ನಿಮ್ಮನ್ನ ಕೆಲಸದಿಂದ ತಗದ್ರೇನ್ರಿ ಮೇಡಂ?"

ಆವತ್ತ ಪ್ರಸಾದ ಸರ್ ಮಾತಾಡಿದ ಸ್ಪೀಕರ್ ಫೋನು! ಎಲ್ಲಾ ಕೇಳಿತ್ತು ಈ ಕೂಸು. ನನ್ನ ನೌಕರಿ ಕಾಯಾಕ ಊರ ಮುಂದ ದಡ್ಡಿ ಆಗಿ ನಿಂತಿತ್ತು.

ಕೋಳಿ ಪುಸ್ತಕ ತಗದೆ. ಭರಮವ್ವ ಬಾಜೂಕ ಸರಿಸಿದಳು. "ಅದು ಬಾಯಿಪಾಠ ಇದ್ದೀತು. ಓದದ್ದು ಕೊಡು. ಓದಿದ್ರ ನಾಳಿಗೆ ಪಾಟಿಚೀಲಾ ಹೊರಲಿ, ಇಲ್ಲಂದ್ರ ಕೂಸು ಹೊರಲಿ."

ಪೆಟಗಿಯಿಂದ ತಂದ ಹೊಸಾ ಪುಸ್ತಕ, ಕಿಟಕಿಪಟ್ಟಿ ಕೊಟ್ಟು ಬೆನ್ನು ತಿರುವಿ ಕುಂತೇನಿ. ಬಾಯಿ ಹಾಕಬಾರದಂತ ಇದನ್ನ ಬರಿಯಾಕ ಹತ್ತೇನಿ. ಮೊದಲನೇ ಸಾಲು ಆತು. ತಪ್ಪಿದಳು, ತಿರುಗಿ ಓದಿದಳು, ಆತು. ಎರಡನೇದಕ್ಕ ನಿಂತಾಳ... ಇನ್ನೂ ನಿಂತಾಳ. ಭರಮವ್ವನ ಎಲಿಅಡಕಿ ಜಗಿಯೂ ಸಪ್ಪಳಾನೂ ನಿಂತೈತಿ. ಬಾಯಿ ಹಾಕಬಾರದು ಪೂರ್ಣಿಮಾ, ಹಾಕಬಾರದು. ಪಟ್ಟಿ ಸರಿಸಿದಳು. ಉಸಿರು ತಗೊಂಡಳು. ಈಗ —